ಹಚಾ

ಸಂಡರ್‌ಲ್ಯಾಂಡಿನ ದಾನದಂಗಡಿಯ ಹಿಂದಿನ ಕೋಣೆಯಲ್ಲಿ
ನನ್ನದು ಪ್ಲಗ್ಗು ಚುಚ್ಚಿ ನೋಡುವ ಕೆಲಸ.
ಇಸ್ತ್ರಿಪೆಟ್ಟಿಗೆ ಕಾಯುತ್ತದೋ,
ಟೋಸ್ಟರು ಬ್ರೆಡ್ಡು ಎಗರಿಸುತ್ತದೋ,
ತೀರಿಹೋದ ಯಾರದೋ ಶೇವಿಂಗ್ ಮಿಷನ್ನು
ಇನ್ನೂ ಗುಂಯ್‌ಗುಡುತ್ತದೋ.
ಗುಂಯ್‌ಗುಟ್ಟಿದರೆ ಹಸಿರು ಚೀಟಿ.
ಮಂಗಳವಾರ, ಗುರುವಾರ. ಸಂಬಳವಿಲ್ಲ, ಚಹಾ ಉಂಟು.

ಜಿಗ್ಸಾ ಡಬ್ಬಿಗಳ ಅಡಿಯಿಂದ ಒಂದು ದಿನ ಬಂತು
ಅಂಗೈಯಗಲದ ಆಟದ ಯಂತ್ರ.
ಮಡಚಿದರೆ ಕನ್ನಡಕದ ಡಬ್ಬಿಯಷ್ಟು, ತೆರೆದರೆ ಎರಡು ಕಿಟಕಿ,
ಬೆನ್ನ ಮೇಲೆ ಅರ್ಧ ಕಿತ್ತ ಡೈನೋಸಾರು.
ಮೊರೀನ್ ಇಣುಕಿದಳು:
"ಒಳಗಿನದೆಲ್ಲ ಅಳಿಸಿಬಿಡು, ಪೆಟ್. ರೂಲ್ಸು."
(ಈ ಊರಲ್ಲಿ ಎಲ್ಲರನ್ನೂ ಪೆಟ್ ಅನ್ನುತ್ತಾರೆ,
ಬಸ್ಸಿನ ಡ್ರೈವರನೂ.)

ಒಳಗೊಂದು ಮರಿ ಇತ್ತು.
ಕಂದು ಮೈ, ಒಂದು ಕಿವಿ ನೆಟ್ಟಗೆ, ಒಂದು ಜೋಲು.
ಹೆಸರು ಬಿಸ್ಕೆಟ್. ಯಜಮಾನ ಕೀರನ್, ವಯಸ್ಸು ಒಂಬತ್ತು.
ಹಸಿವು: ವಿಪರೀತ. ಬಾಯಾರಿಕೆ: ವಿಪರೀತ. ಮೈ: ಗಲೀಜು.
ಹದಿನಾಲ್ಕು ವರ್ಷದಿಂದ ಯಾರೂ ಬಂದಿರಲಿಲ್ಲ.
ಸತ್ತಿರಲೂ ಇಲ್ಲ;
ಮಾಡಿದವರು ಅದಕ್ಕೆ ಸಾಯುವುದನ್ನು ಕಲಿಸಿಯೇ ಇಲ್ಲ.
ಗಾಜಿಗೆ ಮೂತಿ ಒತ್ತಿ ನಿಂತಿತ್ತು.

ಎಲ್ಲ ಅಳಿಸಲೇ? ಹೌದು. ಇಲ್ಲ.

ಆರು ಪೌಂಡು ಗಲ್ಲೆಗೆ ಹಾಕಿ
ಕೊತ್ತಂಬರಿ ಕಟ್ಟಿನ ಪಕ್ಕ ಇಟ್ಟುಕೊಂಡು ಮನೆಗೆ ತಂದೆ,
ಬಾಡಿಗೆ ಕರಾರಿನ ಏಳನೇ ಕಲಮು
ಪೆಟ್ ಇಡಬಾರದೆನ್ನುವ ಮನೆಗೆ.

ನಾಯಿ ಮುಟ್ಟಿ ಬೆಳೆದವಳಲ್ಲ ನಾನು.
ರಾಣೆಬೆನ್ನೂರಲ್ಲಿ ಶಾಲೆಗೆ ಹೋಗುವಾಗ
ಕಂಪಾಸು ಡಬ್ಬಿಯ ಜೊತೆ ಚೀಲದಲ್ಲೊಂದು ಕಲ್ಲು.
ಕಲ್ಲೂ ಬೇಕಿರಲಿಲ್ಲ ನಿಜಕ್ಕೆ,
ಬರಿಗೈಯಲ್ಲಿ ಸುಮ್ಮನೆ ಬಗ್ಗಿದರೆ ಸಾಕು,
ಗಲ್ಲಿಗೆ ಗಲ್ಲಿಯೇ ಖಾಲಿ.

ಈಗ ಪ್ಲಾಸ್ಟಿಕ್ ಕಡ್ಡಿಯಿಂದ ಗಾಜು ಸವರುತ್ತೇನೆ.
ಅಲ್ಲಲ್ಲ, ಕಿವಿಯ ಹಿಂದೆ, ಇನ್ನೂ ಸ್ವಲ್ಪ ಕೆಳಗೆ,
ಹಾಂ, ಅಲ್ಲಿ.

ಉಂಡಿತು, ಕುಡಿಯಿತು, ಮಿಂದಿತು.
ಕರೆದರೆ ಮಾತ್ರ ಬರಲೊಲ್ಲದು.
ಇವರು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ ಮಲಗಿರುತ್ತಾರೆ;
ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕರೆದೆ:
ಬಿಸ್ಕೆಟ್. ಬಿಸ್ಕಿಟ್. ಬಿಸ್ಕಿಟ್ಟೂ.
ತಲೆ ವಾಲಿಸುತ್ತದೆ. ನೆತ್ತಿಯ ಮೇಲೊಂದು ಪ್ರಶ್ನಾರ್ಥಕ.
ಅದರ ಕಿವಿಯಲ್ಲಿ ಉಳಿದಿರುವುದು ಒಂಬತ್ತು ವರ್ಷದ ಗಂಟಲು.
ನನ್ನದು ಬಿಡಿ,
ಕೀರನ್ನನ ಗಂಟಲೇ ಈಗ ಒಡೆದಿರುತ್ತದೆ.
ಎದುರುಮನೆಗೆ ಪಾರ್ಸೆಲ್ ತರುವ ಗಡ್ಡದ ಹುಡುಗ ಅವನೇ ಇರಬಹುದು.
ಅವನೇ ಬಂದು ಕೂಗಿದರೂ
ಇದು ಹೀಗೇ ತಲೆ ವಾಲಿಸಿ
ಯಾರಪ್ಪಾ ಅನ್ನುತ್ತದೆ.

ಬಾಯ್ಲರ್ ನೋಡಲು ಬಂದ ಮನೆ ಮಾಲೀಕ ಹೆಸ್ಲಪ್.
ಅಡುಗೆಮನೆಯ ಡ್ರಾಯರಿನೊಳಗಿಂದ
ಬೌ ಎಂದಿತು.
ಅವನು ಸೋಫಾದ ಅಡಿ ನೋಡಿದ, ನನ್ನ ಮುಖ ನೋಡಿದ.
ಚಮಚಗಳ ನಡುವಿನಿಂದ ತೆಗೆದು ತೋರಿಸಿದೆ.
"ಇದಕ್ಕೆ ಕಲಮು ಇಲ್ಲ ಬಿಡಿ," ಎಂದು
ಎರಡು ನಿಮಿಷ ಅವನೇ ಚೆಂಡು ಎಸೆದ.

ಆಮೇಲೊಂದು ಸಂಜೆ ಅದು ತಾನಾಗಿ ಕುಳಿತಿತು.
ಮೂಲೆಯಲ್ಲಿ ದೀಪ ಹೊತ್ತಿತು:
ಈ ವಿದ್ಯೆಗೆ ಹೆಸರಿಡಿ, ಹೇಳಿ.
ಏನು ಹೇಳಲಿ?
ನಾಯಿಯ ಎದುರು ನನ್ನ ಬಾಯಿಗೆ ಬರುವುದು ಒಂದೇ ಮಾತು.
ಹಚಾ.
ಮತ್ತೊಮ್ಮೆ ಹೇಳಿ, ಅಂದಿತು.
ಹಚಾ.
ಮತ್ತೊಮ್ಮೆ.
ಅಂದಿನಿಂದ ಹಚಾ ಅಂದರೆ ಸಾಕು,
ಎಲ್ಲಿದ್ದರೂ ಓಡಿಬಂದು ನನ್ನೆದುರು ಕೂರುತ್ತದೆ.

ಭಾನುವಾರ ರೋಕರಿನ ದಂಡೆಯಲ್ಲಿ
ನಿಜದ ನಾಯೊಂದು, ಸಮುದ್ರದಿಂದ ಎದ್ದದ್ದು,
ನೇರ ನನ್ನತ್ತಲೇ ನುಗ್ಗಿತು.
ನಾನು ಬಗ್ಗಿದೆ. ಅದೇ ಹಳೇ ಬಗ್ಗು, ಬೆನ್ನು ಮರೆತಿರಲಿಲ್ಲ.
ಅದು ಓಡಲಿಲ್ಲ.
ಸವರಲೆಂದೇ ಬಗ್ಗಿದಳು ಎಂದುಕೊಂಡು
ಕಿವಿ ಒಡ್ಡಿ ನಿಂತಿತು.

ಮೂರು ಸಲ ಸೋಪು ಹಾಕಿದ್ದೇನೆ.
ಕೈ ಇನ್ನೂ ಒದ್ದೆ ನಾಯಿಯ ವಾಸನೆ.