ಪದವಿನ ಕರಾರು

ಸೋಣ ತಿಂಗಳು. ಶಿರ್ವದ ಪದವಿನಲ್ಲಿ
ಮುರಕಲ್ಲ ಮೇಲೆ ಬೆರಳಗಲ ನೀರು,
ನೀರಲ್ಲಿ ಸಾಸಿವೆಗಿಂತ ತುಸು ದೊಡ್ಡ ನೀಲಿ ಹೂ.
ಹೆಸರು ನಮಗಿಬ್ಬರಿಗೂ ತಿಳಿಯದು.
ಕೊಯ್ದರೆ ಬುಟ್ಟಿ ತಲಪುವ ಮೊದಲೇ ಸಾಯುತ್ತದೆ,
ಹಾಗಾಗಿ ಮುಟ್ಟುವಂತಿಲ್ಲ.

ಅಪ್ಪಿಯಕ್ಕನಿಗೆ ಹೂ ಹೊಸ್ತಿಲಿಗೆ ಬೇಕು,
ನನಗೆ ಮೊಂತಿ ಹಬ್ಬದ ಮಾತೆಗೆ, ಒಂಬತ್ತು ದಿನ.
ಗುಡ್ಡ ಒಂದೇ.

"ಕೆಂಪೆಲ್ಲ ನಿನಗೆ, ಬಿಳಿ ನನಗೆ.
ಮೊಗ್ಗು ಯಾರಿಗೂ ಇಲ್ಲ.
ಮೂಸಿದ್ದು ನಿನ್ನ ದೇವರಿಗೂ ಆಗದು, ನನ್ನದಕ್ಕೂ.
ಗಿಡದಲ್ಲಿ ಒಂದೇ ಇದ್ದರೆ
ಅದು ಗಿಡದ್ದು, ಕೇಳಿತಾ?"
ಕೊಡೆಯ ತುದಿಯಿಂದ ಕಲ್ಲಿಗೆ ಗೆರೆ ಎಳೆದಳು.
ಮಳೆ ಅಳಿಸುತ್ತಲೇ ಇತ್ತು.

ಎಂಟನೆಯ ದಿನ ಕೇಪಳ ಮುಗಿದಿತ್ತು.
ಡುಲ್ಸಿನ್ ಬಾಯಿಯ ಮಗಳ ತಟ್ಟೆಯಲ್ಲಿ ಉಡುಪಿ ಪೇಟೆಯ ಜೀನಿಯಾ,
ನನ್ನದರಲ್ಲಿ ತಟ್ಟೆಯ ತಳವೇ ಕಾಣುತ್ತಿತ್ತು.
ಒಂಬತ್ತನೆಯ ಬೆಳಗ್ಗೆ ಪೊದೆಯ ಮೇಲೆ ಹಬ್ಬಿದ ಬಳ್ಳಿ,
ಒಂದೇ ಒಂದು ಗೌರಿ ಹೂ,
ಒಲೆಯಿಂದ ಈಗಷ್ಟೇ ಎದ್ದು ಬಂದಂತೆ.

ಸುತ್ತ ನೋಡಿದೆ.
ಕೊಯ್ದೆ.

ತಿರುಗಿದರೆ ಅಪ್ಪಿಯಕ್ಕ.
ಬೈಯಲಿಲ್ಲ.
ತನ್ನ ಬುಟ್ಟಿಯ ತುಂಬೆ ಅಷ್ಟನ್ನೂ
ನನ್ನ ತಟ್ಟೆಗೆ ಸುರಿದು ಅದನ್ನು ಮುಚ್ಚಿ,
"ಮಾತೆ ನೋಡುವುದು ಬೇಡ" ಎಂದಳು.