ಎಪ್ಪತ್ತೊಂದನೇ ನಿಮಿಷ

ರಟ್ಟಿನ ಹಲಗಿ ಎತ್ತಿ ನಿಂತೀನಿ, ಸುಣ್ಣದ ಗೆರಿ ಹೊರಗ.
ಮ್ಯಾಲ ಕೆಂಪಿಲೆ ಒಂಬತ್ತು, ಕೆಳಗ ಹಸರಿಲೆ ಹದಿನಾಲ್ಕು,
ಹಿಂದ ಬಿಸ್ಕೀಟ ಕಂಪನಿ ಹೆಸರು ಇನ್ನೂ ಮಾಸಿಲ್ಲ.
ಕ್ಯಾಂಪಿನ ಮೈದಾನದ ಸುತ್ತ ನಿಂತ ಇನ್ನೂರು ಮಂದಿ
ಮೂರು ಭಾಷಾದಾಗ ಒಮ್ಮೆಲೆ ನನ್ನ ಬೈಯಾಕ ಹತ್ಯಾರ.

ಒಂಬತ್ತು ಅಂದ್ರ ಭರಮು ಮುಚ್ಚಂಡಿ.
ಅವನ ಎಡಗಾಲಿಗೆ ಬ್ಯಾರೇನ ಒಂದು ಬುದ್ಧಿ ಐತಿ,
ತಲಿಗೆ ಇಲ್ಲದ್ದು.
ನಾನ ಕಲಿಸಿದ್ದು ಅಂತ ಹೇಳಿಕೊಳ್ಳಬಹುದು. ಸುಳ್ಳಾಗತೈತಿ.
ನಾ ಕಲಿಸಿದ್ದು ಬೂಟಿನ ದಾರ ಬಿಗಿ ಕಟ್ಟೋದು,
ಚೆಂಡು ಕಾಲಾಗ ಇಲ್ಲದಾಗ ಎಲ್ಲಿ ಓಡಬೇಕು ಅನ್ನೋದು.
ಮೊದಲನೇದು ಕಲಿತಾನ.

ಈ ಊರಿಂದ ರಾತ್ರಿ ಹನ್ನೊಂದಕ್ಕ ಕಾಯಿಪಲ್ಲೆ ಲಾರಿ ಹೊರಡತಾವು.
ಹತ್ತೊಂಬತ್ತನೇ ವಯಸ್ಸಿನಾಗ ಕೋಬಿ ಚೀಲದ ಮ್ಯಾಲ ಕುಂತು
ಚೋರ್ಲಾ ಘಾಟ ಇಳದೆ, ಬೂಟು ಕೊರಳಾಗ.
ನಸುಕಿನಾಗ ಮಡಗಾಂವ.
ನನ್ನ ಅಂಗಿ ಮೂಸಿ ಹುಡುಗರು ಹೆಸರಿಟ್ಟರು: ಕೋಬಿ.
ಹನ್ನೊಂದು ವರ್ಷ ಆಡಿದೆ ಅದ ಹೆಸರಿನಾಗ,
ಬಲಬಾಜೂ ಬ್ಯಾಕ್. ಎರಡು ಗೋಲು,
ಒಂದು ನಮ್ಮ ಗೋಲಿಗೇ.
ಪೇಪರಿನಾಗ ಬಂದದ್ದು ಅದರ ಸುದ್ದಿ ಅಷ್ಟ.
ಓದಾಕ ಬಾರದ ಅಮ್ಮಿ ಅದನ್ನ ಕತ್ತರಿಸಿ
ಟ್ರಂಕಿನಾಗ ಇಟ್ಟಾಳ, ರೇಷನ್ ಕಾರ್ಡಿನ ಕೆಳಗ.
ಬಂದವರಿಗೆಲ್ಲಾ ತೋರಸ್ತಾಳ.

ಗ್ರಾಸಿಯಸ್ ಸರ್ ಒಂದು ಸಲ ನನ್ನ ಹೊರಗ ಕರದ್ರು.
ಎಪ್ಪತ್ತರ ಹತ್ತಿರನ ಇರಬೇಕು, ಮೋಡ ಕವಿದಿತ್ತು.
ಗೆರಿ ಕಡೆ ಕೈ ಚಾಚಿ ನಿಂತಿದ್ರು.
ನಾ ನೋಡಲಿಲ್ಲ.
ನೋಡಿದೆ. ನೋಡದವರಂಗ ಹೋಗಿ ನೀರಿನ ಬಾಟ್ಲಿ ಒದ್ದೆ.
ತಿರುಗಿದಾಗ ಆ ಕೈ ಇನ್ನೂ ಗಾಳ್ಯಾಗ ಇತ್ತು,
ಹನಿ ಬಿತ್ತೇನು ಅಂತ ನೋಡವರ ಕೈ ಹಂಗ.
ಆಮ್ಯಾಲ ಅದನ್ನ ಕಿಸೆದಾಗ ಇಟಗೊಂಡ್ರು.
ನಾಕು ತಿಂಗಳಿಗೆ ನನ್ನ ಮೊಣಕಾಲು ಹೋತು.
ದವಾಖಾನಿಗೆ ಅವರು ದ್ರಾಕ್ಷಿ ತಂದಾಗ
ನಿದ್ದಿ ಹತ್ತಿದವರಂಗ ಮಲಗಿದ್ದೆ.

ಮುಂದ ಆರು ವರ್ಷ ಖಡೇಬಜಾರಿನಾಗ ಚಪ್ಪಲಿ ಅಂಗಡಿ.
ಅಳತಿಪಟ್ಟಿ ಬ್ಯಾಡ, ಕಾಲು ನೋಡಿ ನಂಬರ ಹೇಳತಿದ್ದೆ.
ಒಂದಿನ ಅಪ್ಪನ ಜೋಡಿ ಬಂದ ಹುಡುಗ
ತನ್ನ ಹರಕ ಚಪ್ಪಲಿ ನೆಲಕ್ಕ ಬಿಡದ,
ಎಡಗಾಲಿಲೆ ಎಂಟು ಸಲ ಚಿಮ್ಮಿಸಿದ.
ಒಂಬತ್ತನೇದಕ್ಕ ನಾ ಕೌಂಟರ್ ದಾಟಿ ಹೊರಗ ಬಂದಿದ್ದೆ.

ಈ ಗೆರಿ ಮಾತ್ರ ದಾಟಾಕ ಬರೂದಿಲ್ಲ.
ಅತ್ತಲಿಂದ ಚೆಂಡು ತೇಲಿ ಬಂದ್ರ
ಬಲಗಾಲು ನನ್ನ ಕೇಳದನ ಎತ್ತತೈತಿ,
ಪಕ್ಕದಾಗ ಕುಂತ ಬದಲಿ ಹುಡುಗಗ ಎರಡು ಸಲ ಪೆಟ್ಟು ಬಿದ್ದಾವು.

ಭರಮು ಬರಾಕತ್ಯಾನ. ಬೇಕಂತ ನಿಧಾನ.
ಹಲಗಿ ಎಡಗೈಗೆ ತಗೊಂಡು ಬಲಗೈ ಚಾಚಿದೆ.
ಅವನ ಹೆಗಲು ನನ್ನ ಬೆರಳಿನ ಬಾಜೂಕ ಹಾದು ಹೋತು,
ಬೆವರಿನ ಬಿಸಿ ಅಷ್ಟ ತಾಗಿತು.
ಹಿಂದ ಬಾಟ್ಲಿ ಉರುಳಿದ ಸಪ್ಪಳ.
ಒಂದು, ಎರಡು. ಮೂರನೇದು ತುಂಬಿತ್ತು, ಉರುಳಲಿಲ್ಲ.

ಕೈ ಹಂಗ ಬಿಟ್ಟೆ.
ಈಗ ಗೊತ್ತಾತು ಸರ್, ಅದು ಸಿಟ್ಟಲ್ಲ, ದೊಡ್ಡಮನಸೂ ಅಲ್ಲ.
ಹಿಂದಕ್ಕ ತಗೊಳ್ಳಾಕ ಸರಿ ನಿಮಿಷ ಯಾವುದು
ಅಂತ ತಿಳಿಯೂದಿಲ್ಲ, ಅಷ್ಟ.

ಸೋತ್ವಿ. ಹದಿನಾಲ್ಕು ನಂಬರಿನವ
ಓಡಿದ ಪಾಪ, ಎಲ್ಲಾ ಕಡೆ ಓಡಿದ.

ಮರುದಿನ ಐದೂವರಿಗೆ ಮಂಜು ಎಷ್ಟಿತ್ತಂದ್ರ
ಗೋಲಿನ ಕಂಬ ಒಂದ ಕಂಡಿತು.
ಮಿಲಿಟರಿ ಕಡೆಯಿಂದ ಬ್ಯೂಗಲ್.
ಶೆಡ್ಡಿನ ಬಾಗಲಾ ತೆರದಿತ್ತು, ಪಂಪ್ ಇರಲಿಲ್ಲ,
ಎಣಿಸಿದ್ರ ಒಂದು ಚೆಂಡೂ ಕಡಿಮಿ.
ಮಂಜಿನೊಳಗ ಎಲ್ಲೋ ಗಾಳಿ ತುಂಬೋ ಸಪ್ಪಳ,
ನಿಂತು ನಿಂತು.

ಯಾರು ಅಂತ ನಾ ಕೇಳಲಿಲ್ಲ.
ಮೆಟ್ಟಲ ಮ್ಯಾಲ ಕುಂತು ಬೂಟಿನ ದಾರ ಬಿಚ್ಚಿ
ಇನ್ನೊಮ್ಮೆ ಬಿಗಿ ಕಟ್ಟಿದೆ.