ಇಂದ್ರಾಳಿ, ಏಳು ನಲ್ವತ್ತೆರಡು

ರೈಲು ಏಳು ಮೂವತ್ತೈದಕ್ಕೆಂದು ಹಲಗೆಯ ಮೇಲಿದೆ.
ಹಲಗೆಗೆ ಯಾರೂ ದಂಡ ಹಾಕುವುದಿಲ್ಲ.
ನನಗೆ ಹಾಕುತ್ತಾರೆ:
ಟೈಗರ್ ಸರ್ಕಲಿನಲ್ಲಿ ಪುಸ್ತಕ ಬಿಡಿಸಿ ಕೂತ ಐತಪ್ಪ,
ನಿಮಿಷಕ್ಕೆ ಐವತ್ತು,
ಹಿಂದೆ ಬರುವ ಜಲದುರ್ಗಾದ ಲೆಕ್ಕಕ್ಕೆ.

ಸೇತುವೆಯ ಈಚೆ ಬಸ್ಸು ನಿಲ್ಲಿಸಿ
ಗೋಡೆಗೆ ಎದೆ ಆನಿಸಿ ಬಗ್ಗಿ ನೋಡುತ್ತೇನೆ.
ಕೆಳಗೆ ಹಳಿ ಮಿನುಗಿದರೆ ಸರಿ, ಬಂತು.
ಮಿನುಗದಿದ್ದರೆ
ಚಿಲ್ಲರೆ ಎಣಿಸುವ ನೆಪ,
ಟಯರಿಗೆ ಒಮ್ಮೆ ಒದೆಯುವ ನೆಪ.
"ಎಂತ ಮಾರಾಯ,
ನಿನ್ನ ಹೆಂಡತಿ ಬರ್ಲಿಕ್ಕುಂಟಾ ರೈಲಲ್ಲಿ?"
ಸ್ಟಿಯರಿಂಗಿಗೆ ಗಲ್ಲ ಊರಿದ ವಾಮನಣ್ಣ.

ಹೆಂಡತಿಯಲ್ಲ.
ಯಾರೆಂದು ಹೇಳಲಿಕ್ಕೆ ನನಗೇ ಗೊತ್ತಿಲ್ಲ.
ಕೊರಳ ಕಾರ್ಡಿನಲ್ಲಿ ಓದಿದ್ದು: ಜಲಜ ಖಾರ್ವಿ, ಲಾಂಡ್ರಿ.
ಕುಂದಾಪುರದಲ್ಲಿ ರೈಲು ಹತ್ತಿ
ಮಣಿಪಾಲದ ಆಸ್ಪತ್ರೆಯಲ್ಲಿ ಎಂಟಕ್ಕೆ ಬೆರಳೊತ್ತಬೇಕು,
ಒಂದು ನಿಮಿಷ ದಾಟಿದರೆ ಅರ್ಧ ಸಂಬಳ.
ಅವಳು ಕೊಡುವ ಹತ್ತರ ನೋಟಿಗೂ
ಬ್ಲೀಚಿನ ವಾಸನೆ.

ರೈಲಿನವರಿಗೆ ಬಸ್ಸು ಗೊತ್ತಿಲ್ಲ,
ಬಸ್ಸಿನ ಧಣಿಗೆ ರೈಲು ಗೊತ್ತಿಲ್ಲ.
ಎರಡರ ನಡುವೆ ಒಂದಷ್ಟು ಏರು,
ಉರಿಯದ ದೀಪದ ಕಂಬ,
ಮೂರು ಪಟ್ಟು ಕೇಳುವ ರಿಕ್ಷಾಗಳು,
ಮತ್ತೆ, ಚಪ್ಪಲಿ ಕೈಯಲ್ಲಿ ಹಿಡಿದು
ಓಡಿ ಬರುವ ಒಬ್ಬ ಹೆಂಗಸು.

ಹನ್ನೊಂದು ವರ್ಷ. ನಾನಿನ್ನೂ ರೈಲು ಹತ್ತಿದವನಲ್ಲ.
ಮೇಲಿನಿಂದ ಅದರ ಬೆನ್ನು ಮಾತ್ರ ನೋಡಿದ್ದೇನೆ.
ಎಷ್ಟು ತಡವೆಂದು ಕೇಳಬೇಕಿಲ್ಲ,
ಇಳಿದು ಬರುವವರ ಕಾಲೇ ಹೇಳುತ್ತದೆ.

ನಿನ್ನೆ, ಏನು ಮಾಯವೋ,
ರೈಲು ಹೊತ್ತಿಗೆ ಸರಿಯಾಗಿ ಬಂತಂತೆ.
ಕಲ್ಸಂಕದಲ್ಲಿ ಮೀನಿನ ಲಾರಿ ಅಡ್ಡ ನಿಂತು
ನಾವು ಇಂದ್ರಾಳಿ ಮುಟ್ಟುವಾಗ ಏಳು ಐವತ್ತು.
ಜಲದುರ್ಗಾ ಹಾರ್ನ್ ಬಾರಿಸುತ್ತ ನಮ್ಮನ್ನು ಹಿಂದೆ ಹಾಕಿ
ಸ್ಟಾಪಿನಲ್ಲಿ ಅವಳ ಮುಂದೆಯೇ ಬಾಗಿಲು ತೆರೆಯಿತು.
"ಮಣಿಪಾಲ, ಮಣಿಪಾಲ, ಬೇಗ ಹತ್ತಿ!"
ಅವಳು ಒಳಗೆ ನೋಡಿದಳು. ಸೀಟು ಖಾಲಿ ಇತ್ತು.
ತಲೆಯಾಡಿಸಿ,
ಅದರ ಹೊಗೆ ದಾಟಿ,
ನಮ್ಮ ಬಸ್ಸಿನ ಕಡೆ ನಡೆದು ಬಂದಳು.
ಚಪ್ಪಲಿ ಕಾಲಲ್ಲೇ ಇತ್ತು.

"ಇವತ್ತ್ ನೀವೇ ಲೇಟ್, ಅಲ್ದಾ?"

ಸರಿಯಾದ ಚಿಲ್ಲರೆ. ಟಿಕೇಟು ಹರಿದು ಕೊಟ್ಟೆ.
ಎರಡು ವಿಸಿಲ್ ಸಾಕಿತ್ತು, ಮೂರು ಊದಿದೆ.
ವಾಮನಣ್ಣ ಕನ್ನಡಿಯಲ್ಲಿ ನೋಡಿದ,
ಏನೂ ಹೇಳದೆ ಗೇರು ಹಾಕಿದ.